ಜಗತ್ತಿನ ಹಕ್ಕಿಪಟ್ಟಿಗಳ ಜಾತಕ ಕೂಡಿಸಿದ್ದು: ನನ್ನ ಅನುಭವ

ಜಗತ್ತಿನ ಹಕ್ಕಿಗಳ ಹೆಸರಿನ ನಾಲ್ಕು ಪಟ್ಟಿಗಳು ಕೊನೆಗೂ ಒಂದೇ ಎಕ್ಸೆಲ್ ಶೀಟಿನಲ್ಲಿ, ಒಂದು ಹಕ್ಕಿಗೆ ಒಂದೇ ಸಾಲಾಗಿ ಕೂತವು. ಐಒಸಿ, ಕ್ಲೆಮೆಂಟ್ಸ್, ಬರ್ಡ್‌ಲೈಫ್, ಜೊತೆಗೆ 2025ರ ಜೂನ್‌ನಲ್ಲಿ ಬಂದ ಏವಿಲಿಸ್ಟ್. ಏವಿಲಿಸ್ಟ್‌ನ 11,131 ಪ್ರಭೇದಗಳಲ್ಲಿ ನಾನು ಕೂತು ಕೈಯಾರೆ ಬಿಡಿಸಬೇಕಾಗಿ ಬಂದದ್ದು ಮುನ್ನೂರು ಚಿಲ್ಲರೆ ಅಷ್ಟೇ. "ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಬಿಡಿ ಸರ್" ಅಂತ ನಮ್ಮ ಹಕ್ಕಿ ಬಳಗದವರು ಆರು ವರ್ಷ ಹೇಳಿದರು. ಆಯ್ತು ನೋಡಿ.

ಶುರುವಿನಲ್ಲಿ ನಾನೂ ಇಂಗ್ಲಿಷ್ ಹೆಸರಿನ ಮೇಲೆ ವಿಲುಕಪ್ (ಎರಡು ಪಟ್ಟಿಯಲ್ಲಿ ಒಂದೇ ಹೆಸರು ಹುಡುಕಿ ಹೊಂದಿಸುವ ಎಕ್ಸೆಲ್ ಸೂತ್ರ) ಹಾಕಿದೆ. ಒಬ್ಬರು ನಡುವೆ ಅಡ್ಡಗೆರೆ ಹಾಕುತ್ತಾರೆ, ಇನ್ನೊಬ್ಬರು ಹಾಕಲ್ಲ. ಸಾವಿರಗಟ್ಟಲೆ ಸಾಲು ತಪ್ಪಿದವು. ವೈಜ್ಞಾನಿಕ ಹೆಸರೂ ಕೈಕೊಟ್ಟಿತು. ನಮ್ಮ ಗೋವಕ್ಕಿಯನ್ನೇ ನೋಡಿ. ಮೊದಲು ಬುಬುಲ್ಕಸ್ ಐಬಿಸ್. ನಮ್ಮ ಕಡೆಯದು ಬೇರೆ ಪ್ರಭೇದ ಅಂದಾಗ ಬುಬುಲ್ಕಸ್ ಕೊರೊಮಾಂಡಸ್. 2024ರಲ್ಲಿ ಕ್ಲೆಮೆಂಟ್ಸ್ ಕುಲ, ಅಂದರೆ ಹೆಸರಿನ ಮೊದಲ ಪದ, ಬದಲಿಸಿದ ಮೇಲೆ ಆರ್ಡಿಯಾ ಕೊರೊಮಾಂಡಾ. ಹಸುವಿನ ಹಿಂದೆ ನಡೆಯುವ ಹಕ್ಕಿ ಅದೇ. ಎಕ್ಸೆಲ್ ಲೆಕ್ಕದಲ್ಲಿ ಮೂರು.

ಆಗ ಹೊಳೆದದ್ದು ಜಾತಕ. ಕುಲ ಬದಲಾಗಲಿ, ಎರಡನೇ ಪದದ ಬಾಲ (ಕೊರೊಮಾಂಡಸ್‌ನ ಅಸ್, ಕೊರೊಮಾಂಡಾದ ಆ) ಬದಲಾಗಲಿ, ಮೊದಲು ಹೆಸರಿಟ್ಟವರು ಮತ್ತು ವರ್ಷ ಹಾಗೇ ಇರುತ್ತದೆ. ಗೋವಕ್ಕಿಯ ಕೊರೊಮಾಂಡಸ್, ಕೊರೊಮಾಂಡಾ ಎರಡಕ್ಕೂ ಬೊಡ್ಡಾರ್ಟ್, 1783. ಪ್ರಭೇದದ ಹೆಸರಿನ ಬಾಲ ಕತ್ತರಿಸಿ, ಪಕ್ಕದಲ್ಲಿ ಇವೆರಡನ್ನು ಅಂಟಿಸಿದೆ. ಸಾಲು ಹೊಂದಿಸಲು ಅದೇ ಕೀಲಿ.

ಹೆಸರಿಟ್ಟವರ ವಿವರ ಇಲ್ಲದ ಕಡೆ ತುಂಬಿಸಬೇಕಿತ್ತು. ಇಬ್ಬರು ಹುಡುಗರಿಗೆ ಮೂರು ತಿಂಗಳು ದುಡ್ಡು ಕೊಟ್ಟೆ, ಸುಮಾರು 24 ಸಾವಿರ. ಅಷ್ಟರಲ್ಲಿ ಹಾರ್ಡ್ ಡಿಸ್ಕ್ ಹೋಯಿತು. ರಿಕವರಿಗೆ ಇನ್ನೊಂದು 9 ಸಾವಿರ, ಸಿಕ್ಕಿದ್ದು ಅರ್ಧ ಫೈಲು. "ಆ ದುಡ್ಡಿಗೆ ಒಳ್ಳೆ ಬೈನಾಕ್ಯುಲರ್ ಬರ್ತಿತ್ತು" ಅಂತ ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ನಿಜ, ಬರುತ್ತಿತ್ತು.

ಮೊದಲ ಸಲ ಓಡಿಸಿದಾಗ ಶಾಮ ಹಕ್ಕಿ ಮತ್ತು ಮಲಬಾರ್ ಲಾರ್ಕ್ ಒಂದೇ ಸಾಲಿಗೆ ಬಂದು ಬಿದ್ದವು. ಎರಡು ದಿನ ತಲೆ ಕೆಟ್ಟಿತು. ಒಂದು ಮಲಬಾರಿಕಸ್, ಇನ್ನೊಂದು ಮಲಬಾರಿಕಾ. ಎರಡಕ್ಕೂ ಹೆಸರಿಟ್ಟವರು ಸ್ಕೊಪೋಲಿ, ಎರಡೂ 1786. ಬಾಲ ಕತ್ತರಿಸಿದ್ದು ನಾನೇ ಅಲ್ವಾ! ಕುಟುಂಬದ ಕಾಲಂ ಸೇರಿಸಿದ ಮೇಲೆ ಬೇರೆಯಾದವು. ಸ್ಕೊಪೋಲಿಯ ವರ್ಷವನ್ನು ಹಳೆ ಪುಸ್ತಕಗಳು 1788 ಅನ್ನುತ್ತವೆ. ಇಂಥ ವರ್ಷಗಳನ್ನು ತಾನಾಗಿ ಹೊಂದಿಸುವ ಒಂದು ಸೂತ್ರ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಭಾನುವಾರ ಸುಮ್ನೆ ವರ್ಷದ ಪ್ರಕಾರ ಜೋಡಿಸಿದೆ. ಮೇಲೆ 1758, ಈ ಹೆಸರಿಡುವ ಪದ್ಧತಿ ಶುರು ಮಾಡಿದ ಲಿನೇಯಸ್ಸನ ಹಿಂಡು. ಕೆಳಗೆ ಇಳಿದರೆ ನಿಜವಾದ ಹೊಸಬರು. ಪೇಪರ್‌ನಲ್ಲಿ "ಹೊಸ ಪ್ರಭೇದ" ಅಂತ ಬರುವುದರಲ್ಲಿ ಜಾಸ್ತಿ ಹಳೆ ಉಪಪ್ರಭೇದಕ್ಕೆ ಬಡ್ತಿ ಸಿಕ್ಕಿದ್ದೇ. ಇಂಡೋಚೀನಾದ ನೀಲಕಂಠವನ್ನು ನಮ್ಮ ನೀಲಕಂಠದಿಂದ ಬೇರೆ ಮಾಡಿದರೂ ಅದರ ಜಾತಕ 1840ರದ್ದು. ಬಾಬಾಬುಡನ್‌ಗಿರಿ ಶೋಲಾದ ನೀಲಗಿರಿ ಬ್ಲೂ ರಾಬಿನ್‌ಗೆ 2017ರಲ್ಲಿ ಶೋಲಿಕೋಲಾ ಅಂತ ಹೊಸ ಕುಲ ಬಂತು, ಆದರೆ ಹೆಸರಿಟ್ಟದ್ದು 19ನೇ ಶತಮಾನದ ಜೆರ್ಡನ್ನೇ. 2000ದಿಂದ ಈಚೆಗೆ ಫಿಲ್ಟರ್ ಹಾಕಿದರೆ ಪಟ್ಟಿ ಪುಟ್ಟದಾಗುತ್ತದೆ. 2016ರ ಜೂಥೆರಾ ಸಲೀಂಅಲಿಯೈ ಇದೆ. ಹಾಡು ಬೇರೆ ಅಂತ ಗಮನಿಸಿದ್ದರಿಂದ ಸಿಕ್ಕ ಥ್ರಶ್ ಅದು. 2022ರ ಪ್ರಿನ್ಸಿಪೆ ದ್ವೀಪದ ಗೂಬೆ ಇದೆ.

ನನಗೆ ಎಲ್ಲಕ್ಕಿಂತ ಇಷ್ಟದ ಸಾಲು ಆತ್ರೇಯ, 2006. ಅರುಣಾಚಲದ ಈಗಲ್‌ನೆಸ್ಟ್ ಕಾಡಿನ ಬುಗುನ್ ಲಿಯೊಸಿಕ್ಲಾ ಅನ್ನೋ ಹಕ್ಕಿ. ಬಲೆಗೆ ಸಿಕ್ಕ ಹಕ್ಕಿಯನ್ನು ರಮಣ ಆತ್ರೇಯ ಅವರು ಕೊಲ್ಲಲಿಲ್ಲ. ಅಳೆದು, ಫೋಟೊ ತೆಗೆದು, ಉದುರಿದ ಗರಿ ಮಾತ್ರ ಇಟ್ಟುಕೊಂಡು ಬಿಟ್ಟುಬಿಟ್ಟರು. ಆ ಒಂದು ಸಾಲಿಗೆ ಹಸಿರು ಬಣ್ಣ ಹಾಕಿದ್ದೇನೆ. ಈಗ ಕನ್ನಡ ಹೆಸರಿನ ಕಾಲಂ ತುಂಬಿಸುತ್ತಿದ್ದೇನೆ. ಗೀಜಗ, ಪಿಕಳಾರ, ಮಿಂಚುಳ್ಳಿ ಬೇಗ ಮುಗಿದವು. ಹಸಿರು ಸಾಲಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ.