ಇಪ್ಪತ್ತು ನಿಮಿಷ, ಒಂದು ಗಾಜಿನ ನಳಿಕೆ

ಆ ರಾತ್ರಿ ಬಂದವರು ಹೊಲಕ್ಕೆ ನೀರು ಕಟ್ಟಲು ಹೋಗಿದ್ದ ರೈತ. ಕಡಿದದ್ದು ಯಾವ ಹಾವೆಂದು ಅವರಿಗೂ ಗೊತ್ತಿರಲಿಲ್ಲ, ಜೊತೆಗೆ ಬಂದವರಿಗೂ ಗೊತ್ತಿರಲಿಲ್ಲ. ಪಾದದ ಮೇಲೆ ಎರಡು ಗುರುತು, ಸ್ವಲ್ಪ ಬಾವು, ಅಷ್ಟೇ. ಇಂಟರ್ನ್ ನಿಯಮದಂತೆ ಎರಡು ಮಿಲಿಲೀಟರ್ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಬಿಟ್ಟು, ಬಗ್ಗಿಸಿ ನೋಡಿದರು. ರಕ್ತ ನೀರಿನಂತೆ ಹರಿಯಿತು. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಎಂದು ನಾವು ಓದಿದ್ದೇವೆ, ಕಲಿಸಿದ್ದೇವೆ. ಹತ್ತು ವಯಲ್ ಪ್ರತಿವಿಷ ಶುರು ಮಾಡಿದೆವು. ಸ್ವಲ್ಪ ಹೊತ್ತಿನಲ್ಲೇ ಪ್ರತಿವಿಷದ ಅಲರ್ಜಿಯಿಂದ ಮೈತುಂಬ ದದ್ದು ಎದ್ದಿತು, ಉಸಿರು ಕಟ್ಟಿತು, ರಕ್ತದೊತ್ತಡ ಕುಸಿಯಿತು. ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡೆವು. ಬೆಳಿಗ್ಗೆ ಪ್ರಯೋಗಾಲಯ ತೆರೆದ ಮೇಲೆ, ಪ್ರತಿವಿಷಕ್ಕೆ ಮೊದಲೇ ತೆಗೆದಿಟ್ಟಿದ್ದ ಮಾದರಿಯ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ಬಂತು. ಸಂಪೂರ್ಣ ಸಹಜ. ಅವರ ರಕ್ತಕ್ಕೆ ಏನೂ ಆಗಿರಲಿಲ್ಲ.

ನಾನು ಅದೇ ಸ್ಟ್ಯಾಂಡಿನಿಂದ ಒಂದು ನಳಿಕೆ ತೆಗೆದುಕೊಂಡು ನನ್ನ ರಕ್ತ ಹಾಕಿಸಿದೆ. ಇಪ್ಪತ್ತು ನಿಮಿಷ ಕಳೆಯಿತು. ಬಗ್ಗಿಸಿದಾಗ ನನ್ನ ರಕ್ತವೂ ಹರಿಯಿತು. ಪಕ್ಕದಲ್ಲಿದ್ದ ನರ್ಸ್ ತಮ್ಮ ತೋಳನ್ನೂ ಚಾಚಿದರು. ಅವರದ್ದೂ ಹಾಗೆಯೇ ಆಯಿತು.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ನಳಿಕೆಗಳನ್ನು ಸೋಪಿನ ಪುಡಿಯಲ್ಲಿ ತೊಳೆದು ಮತ್ತೆ ಬಳಸಲಾಗುತ್ತಿತ್ತು. ಗಾಜಿನ ಮೇಲ್ಮೈ ತಾಗಿದಾಗಲೇ ರಕ್ತದ ಹನ್ನೆರಡನೆಯ ಹೆಪ್ಪುಗಟ್ಟುವ ಅಂಶ ಎಚ್ಚೆತ್ತುಕೊಳ್ಳುವುದು. ಸೋಪಿನ ತೆಳುಪದರ ಉಳಿದರೆ ಗಾಜು ಗಾಜಾಗಿ ಕೆಲಸ ಮಾಡುವುದಿಲ್ಲ. ಪ್ಲಾಸ್ಟಿಕ್ ನಳಿಕೆಯಲ್ಲೂ ಇದೇ ತೊಂದರೆ. ಆದ್ದರಿಂದಲೇ ನಿಯಮದಲ್ಲಿ ಹೊಸದಾದ, ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆ ಎಂದು ಬರೆದಿರುವುದು. ಆ ಮೂರು ವಿಶೇಷಣಗಳನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಓದಿ ಹೇಳಿದ್ದೆ, ನನ್ನ ವಾರ್ಡಿನ ಸ್ಟ್ಯಾಂಡಿನಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಆ ರೈತನ ಮುಖ ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ನಮ್ಮ ಅಧ್ಯಯನ ಹುಟ್ಟಿದ್ದು ಅಲ್ಲಿ. ಪ್ರಶ್ನೆ ಒಂದೇ ಸಾಲಿನದು: ನಮ್ಮ ವಾರ್ಡಿನಲ್ಲಿ, ನಮ್ಮ ಕೈಯಲ್ಲಿ, ಈ ಪರೀಕ್ಷೆ ನಿಜ ಹೇಳುತ್ತದೆಯೇ?

ಮೊದಲು ಸುಲಭದ ದಾರಿ ಹಿಡಿದೆ. ಹಳೆಯ ಕೇಸ್ ಶೀಟ್‌ಗಳನ್ನು ತೆಗೆಸಿದೆ. ದಾಖಲೆ ಕೊಠಡಿಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳ ನಡುವೆ ನಾನು ಮತ್ತು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಎರಡು ತಿಂಗಳ ಸಂಜೆಗಳನ್ನು ಕಳೆದೆವು. ಹೆಚ್ಚಿನ ಹಾಳೆಗಳಲ್ಲಿ ‘ಹಾವು ಕಡಿತ, ಅಪರಿಚಿತ’ ಎಂದಿತ್ತು. ಕಡಿದ ಸಮಯ ಇರಲಿಲ್ಲ. ಮೊದಲ ವಯಲ್ ಹಾಕಿದ ಸಮಯ ಇರಲಿಲ್ಲ. ಪರೀಕ್ಷೆಯ ಫಲಿತಾಂಶದ ಜಾಗದಲ್ಲಿ ಒಂದು ಪ್ಲಸ್ ಚಿಹ್ನೆ. ಅದು ಹೆಪ್ಪುಗಟ್ಟಿತು ಎಂದೋ, ಗಟ್ಟಲಿಲ್ಲ ಎಂದೋ ಬರೆದವರಿಗೆ ಮಾತ್ರ ಗೊತ್ತು. ಆ ಹಾಳೆಗಳಿಂದ ಪ್ರಬಂಧ ಬರೆಯಬಹುದಿತ್ತು, ಬರೆಯುವವರಿದ್ದಾರೆ. ನಾವು ಗಂಟು ಕಟ್ಟಿಟ್ಟು ಬಂದೆವು.

ಹೊಸದಾಗಿ ಶುರು ಮಾಡಬೇಕಿತ್ತು. ಒಂದೇ ಪುಟದ ನಮೂನೆ ತಯಾರಿಸಿದೆವು. ಮೊದಲ ಕರಡಿನಲ್ಲಿ ನಲವತ್ತಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ರಾತ್ರಿ ಪಾಳಿಯ ಹಿರಿಯ ನರ್ಸ್ ಓದಿ, ‘ಸರ್, ನನಗೆ ಮೂವತ್ತು ರೋಗಿಗಳಿದ್ದಾರೆ’ ಎಂದಷ್ಟೇ ಹೇಳಿದರು. ಹನ್ನೊಂದಕ್ಕೆ ಇಳಿಸಿದೆ. ಗಡಿಯಾರದ ಸಮಯ ಬರೆಯುವ ನಾಲ್ಕು ಚೌಕಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ: ಕಡಿದದ್ದು, ಬಂದದ್ದು, ನಳಿಕೆಗೆ ರಕ್ತ ಹಾಕಿದ್ದು, ಬಗ್ಗಿಸಿ ನೋಡಿದ್ದು. ಪ್ಲಸ್, ಮೈನಸ್ ಚಿಹ್ನೆಗಳನ್ನು ತೆಗೆದು ‘ಹೆಪ್ಪುಗಟ್ಟಿದೆ’, ‘ಗಟ್ಟಿಲ್ಲ’ ಎಂದು ಕನ್ನಡದಲ್ಲೇ ಮುದ್ರಿಸಿದೆವು.

ಹೊಸ ನಳಿಕೆಗಳಿಗೆ ಬೇಡಿಕೆ ಪತ್ರ ಕಳಿಸಿದರೆ ತಿಂಗಳುಗಟ್ಟಲೆ ಉತ್ತರವಿರಲಿಲ್ಲ. ಕೊನೆಗೆ ವಿಭಾಗದವರು ಸೇರಿ ಸ್ವಂತ ಹಣದಲ್ಲಿ ಕೊಂಡೆವು. ಒಂದೇ ಅಳತೆಯವು, ಒಂದೇ ಬಗೆಯವು. ಅಳತೆ ಒಂದೇ ಇರಬೇಕೆಂಬುದು ಶ್ರೀಲಂಕಾದವರಿಂದ ಕಲಿತ ಪಾಠ. ಅಲ್ಲಿನ ಆಸ್ಪತ್ರೆಗಳಲ್ಲಿ ಕೊಳಕುಮಂಡಲ ಕಡಿದವರ ಮೇಲೆ ನಡೆದ ಅಧ್ಯಯನದಲ್ಲಿ ಈ ಪರೀಕ್ಷೆ ಅನೇಕರ ರಕ್ತದ ತೊಂದರೆಯನ್ನು ಹಿಡಿಯದೇ ಹೋಗಿತ್ತು. ನಂತರ ನಳಿಕೆಯನ್ನೂ ರಕ್ತದ ಪ್ರಮಾಣವನ್ನೂ ಗೊತ್ತುಪಡಿಸಿ, ಮಾಡುವವರಿಗೆ ತರಬೇತಿ ಕೊಟ್ಟಾಗ ಅದೇ ಪರೀಕ್ಷೆ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. 1970ರ ದಶಕದಲ್ಲಿ ಉತ್ತರ ನೈಜೀರಿಯಾದಲ್ಲಿ ಗರಗಸಮಂಡಲದ ಕಡಿತಕ್ಕೆ ಚಿಕಿತ್ಸೆ ಕೊಡುತ್ತಿದ್ದವರೂ ಇಂಥದೇ ಸರಳ ಹಾಸಿಗೆ ಬದಿಯ ಪರೀಕ್ಷೆಯನ್ನು ನಂಬಿದ್ದರು. ನಮ್ಮಂಥ ಆಸ್ಪತ್ರೆಗಳಿಗೆ ಬೇಕಾದ ಜ್ಞಾನ ನಮ್ಮಂಥ ಆಸ್ಪತ್ರೆಗಳಿಂದಲೇ ಬರಬೇಕು ಎಂದು ನಾನು ನಂಬಿರುವುದು ಇದಕ್ಕೇ.

ಹೋಲಿಕೆಗೆ ಐಎನ್‌ಆರ್ ಬೇಕು. ರಾತ್ರಿ ನಮ್ಮಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಪ್ರಯೋಗಾಲಯದ ತಂತ್ರಜ್ಞರೊಬ್ಬರು ದಾರಿ ತೋರಿಸಿದರು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ನಳಿಕೆಯಲ್ಲಿ ಗುರುತಿನ ಗೆರೆಯವರೆಗೆ ಸರಿಯಾಗಿ ತುಂಬಿ, ಮುಚ್ಚಳ ತೆಗೆಯದೆ ಕೋಣೆಯ ಉಷ್ಣತೆಯಲ್ಲಿಟ್ಟರೆ ಈ ಪರೀಕ್ಷೆಗೆ ಇಪ್ಪತ್ತನಾಲ್ಕು ಗಂಟೆಯವರೆಗೂ ಸಮಯವಿದೆ. ಹಾಗಾಗಿ ರಾತ್ರಿಯ ಮಾದರಿಗಳು ಬೆಳಿಗ್ಗೆಗೆ ಕಾದವು. ಹಣವಿಲ್ಲದ ಕಡೆ ಸಂಶೋಧನೆ ನಡೆಯುವುದು ಇಂಥ ಜನರ ತಿಳಿವಳಿಕೆಯಿಂದ. ಪ್ರಬಂಧದಲ್ಲಿ ಅವರ ಹೆಸರು ಲೇಖಕರ ಸಾಲಿನಲ್ಲೇ ಇರಬೇಕೆಂದು ನಾನು ಪಟ್ಟು ಹಿಡಿದೆ, ಇದೆ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಸಮ್ಮತಿ ಪತ್ರ. ನೈತಿಕ ಸಮಿತಿಗೆ ಕೊಟ್ಟ ಕನ್ನಡ ಪ್ರತಿಯಲ್ಲಿ ‘ಸ್ವಯಂಪ್ರೇರಿತ ಭಾಗವಹಿಸುವಿಕೆ’, ‘ಗೌಪ್ಯತೆಯ ಖಾತರಿ’ ಎಂದೆಲ್ಲ ಇತ್ತು. ಅನುಮೋದನೆ ಸಿಕ್ಕಿತು. ಆದರೆ ವಾರ್ಡಿನಲ್ಲಿ ಓದಿ ಹೇಳಿದಾಗ ಒಬ್ಬ ತಾಯಿ, ‘ಇದಕ್ಕೆ ಹೆಬ್ಬೆಟ್ಟು ಒತ್ತದಿದ್ದರೆ ನನ್ನ ಮಗನಿಗೆ ಔಷಧ ನಿಲ್ಲಿಸುತ್ತೀರಾ?’ ಎಂದು ಕೇಳಿದರು. ಆ ಪ್ರತಿಯನ್ನು ಅಲ್ಲಿಗೇ ಬಿಟ್ಟೆವು. ಹೊಸ ಪ್ರತಿಯ ಮೊದಲ ವಾಕ್ಯ: ‘ನೀವು ಬೇಡ ಎಂದರೂ ಚಿಕಿತ್ಸೆ ಪೂರ್ತಿಯಾಗಿ ಸಿಗುತ್ತದೆ.’ ಅದನ್ನು ಮತ್ತೆ ಸಮಿತಿಯ ಮುಂದಿಟ್ಟು ಒಪ್ಪಿಗೆ ಪಡೆದೆವು. ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಪಕ್ಕದ ಹಾಸಿಗೆಯವರ ಮನೆಯವರು ಎದ್ದು ಬಂದು, ಪೂರ್ತಿ ಕೇಳಿಸಿಕೊಂಡು, ಸಹಿ ಹಾಕಿದ ರಾತ್ರಿಗಳು ಎಷ್ಟೋ.

ಕಷ್ಟ ಬಂದದ್ದು ಬಿಡುಗಡೆಯಾದ ಮೇಲೆ. ಕೊಳಕುಮಂಡಲದ ವಿಷ ಮೂತ್ರಪಿಂಡವನ್ನು ಕೆಡಿಸಬಲ್ಲದು. ಹೀಗಾಗಿ ಮತ್ತೆ ನೋಡಬೇಕಿತ್ತು. ಬರೆದುಕೊಟ್ಟ ಮೊಬೈಲ್ ಸಂಖ್ಯೆ ಅಳಿಯನದ್ದೋ ಪಕ್ಕದ ಮನೆಯವರದ್ದೋ ಆಗಿರುತ್ತಿತ್ತು. ಹಗಲು ಕರೆ ಮಾಡಿದರೆ ಯಾರೂ ಎತ್ತುವುದಿಲ್ಲ, ಹೊಲದಲ್ಲಿರುತ್ತಾರೆ. ರಾತ್ರಿ ಎಂಟರ ಮೇಲೆ ಮಾಡಲು ಕಲಿತೆವು. ಬಸ್ ಖರ್ಚು ನಾವು ಕೊಡುವವರೆಗೆ ಕೂಲಿ ಬಿಟ್ಟು ಬರುವವರು ಕಡಿಮೆ. ಕೊಡತೊಡಗಿದ ಮೇಲೂ ಕಬ್ಬು ಕಡಿಯಲು ವಲಸೆ ಹೋದವರನ್ನು ಕಳೆದುಕೊಂಡೆವು. ಅಷ್ಟು ಮಂದಿ ಸಿಗಲಿಲ್ಲ ಎಂದು ಪ್ರಬಂಧದಲ್ಲಿ ಮುಚ್ಚಿಡದೆ ಬರೆದಿದ್ದೇವೆ.

ಹೊಸ ನಳಿಕೆ ಬಂದ ಮೇಲೆ ಸುಳ್ಳು ಎಚ್ಚರಿಕೆಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಮನುಷ್ಯರ ಅವಸರದವು: ಹನ್ನೆರಡನೇ ನಿಮಿಷಕ್ಕೇ ಬಗ್ಗಿಸಿ ನೋಡುವುದು, ಅರೆಬರೆ ಹೆಪ್ಪನ್ನು ಪೂರ್ತಿ ಹೆಪ್ಪೆಂದು ಬರೆಯುವುದು. ನಾಲ್ಕು ಸಮಯಗಳ ಚೌಕಗಳು ಇಲ್ಲದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಈಗ ಪ್ರತಿ ಪ್ರಕರಣವೂ ಲೆಕ್ಕಕ್ಕೆ ಸೇರಬೇಕು. ನಮ್ಮ ನಮೂನೆ ಈಗ ಕೇಸ್ ಶೀಟಿನ ಮೊದಲ ಪುಟಕ್ಕೆ ಅಂಟಿಕೊಂಡೇ ಬರುತ್ತದೆ. ಸ್ಟ್ಯಾಂಡಿನ ಮೇಲೆ ‘ತೊಳೆದು ಬಳಸಬೇಡಿ’ ಎಂಬ ಚೀಟಿ ಇದೆ, ಪಕ್ಕದಲ್ಲೇ ಒಂದು ಟೈಮರ್. ಅನುಮಾನ ಬಂದರೆ ಜೊತೆಗೆ ಬಂದ ಆರೋಗ್ಯವಂತ ಸಂಬಂಧಿಕರೊಬ್ಬರ ಒಪ್ಪಿಗೆ ಕೇಳಿ, ಅವರ ರಕ್ತವನ್ನೂ ಇನ್ನೊಂದು ನಳಿಕೆಗೆ ಹಾಕಿ ಎಂದು ಇಂಟರ್ನ್‌ಗಳಿಗೆ ಹೇಳಿಕೊಡುತ್ತೇವೆ. ಆ ವಿದ್ಯಾರ್ಥಿನಿ ಈಗ ಬೇರೊಂದು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ. ಹೋದ ತಿಂಗಳು ಫೋನ್ ಮಾಡಿ, ಅಲ್ಲಿನ ನಳಿಕೆಯಲ್ಲಿ ತಮ್ಮ ರಕ್ತ ಹಾಕಿ ನೋಡಿದೆ ಎಂದರು. ಹೆಪ್ಪುಗಟ್ಟಲಿಲ್ಲವಂತೆ.