ಲಾಟ್ ದಾಟಿಸುವಾಗ ನಕಲೋ, ಸ್ಟಬ್ಬೋ?

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದಕ್ಕೆ ನಾನು ಬರೆದ ಜಾವಾ ಪ್ರೋಗ್ರಾಂ ಮೊದಲು ಒಂದೇ ಕಂಪ್ಯೂಟರ್‌ನಲ್ಲಿತ್ತು. ಮೆಕ್ಕೆಜೋಳದ ಸೀಸನ್‌ಗೆ ತೂಕದ ಹತ್ತಿರ ಒಂದು, ಗಲ್ಲಾ ಹತ್ತಿರ ಒಂದು ಬೇಕು ಅಂದರು ಮಾಲೀಕರು. ಲೆಕ್ಕದ ಭಾಗವನ್ನು ಗಲ್ಲಾ ಕಡೆಗೆ ಸರಿಸಿ, ಒಂದು ಕಂಪ್ಯೂಟರ್‌ನ ಜಾವಾ ಪ್ರೋಗ್ರಾಂ ಇನ್ನೊಂದರ ಮೆಥಡ್‌ಗಳನ್ನು (ಕೆಲಸ ಮಾಡುವ ಕೋಡ್ ತುಣುಕುಗಳನ್ನು) ಕರೆಯಲು ಬಿಡುವ ಆರ್‌ಎಂಐ ಮೂಲಕ ಜೋಡಿಸಿದೆ.

ಒಂದೇ ಮಷೀನ್‌ನಲ್ಲಿ ಲಾಟ್ ಆಬ್ಜೆಕ್ಟನ್ನು (ಒಂದು ರಾಶಿ ಮಾಲಿನ ಚೀಲ, ತೇವ ಮುಂತಾದ ವಿವರ ಹಿಡಿದದ್ದು) ಮೆಥಡ್‌ಗೆ ಕೊಟ್ಟರೆ ಹೋಗುವುದು ರೆಫರೆನ್ಸ್‌ನ, ಅಂದರೆ ಅದು ಎಲ್ಲಿದೆ ಎಂಬ ಗುರುತಿನ, ನಕಲು. ಎರಡೂ ಕಡೆ ಕಾಣುವುದು ಒಂದೇ ಲಾಟ್. ಒಳಗೆ ಹಮಾಲಿ ಕಳೆದರೆ ಹೊರಗೂ ಕಳೆದಿರುತ್ತದೆ.

ಆರ್‌ಎಂಐನಲ್ಲಿ ಹಾಗಲ್ಲ. ಲಾಟ್ ತನ್ನೊಳಗಿನ ಆಬ್ಜೆಕ್ಟ್‌ಗಳ ಸಮೇತ ಸೀರಿಯಲೈಸ್ ಆಗಿ, ಅಂದರೆ ಬೈಟ್‌ಗಳ ಸಾಲಾಗಿ, ಹೋಗುತ್ತದೆ, ಆಚೆ ಹೊಸ ಲಾಟ್ ಹುಟ್ಟುತ್ತದೆ. ಜೆರಾಕ್ಸ್ ಮೇಲೆ ಗೀಚಿದರೆ ಮೂಲ ಪಟ್ಟಿ ಬದಲಾಗಲ್ಲ, ಅಲ್ವಾ? ಕಂಪೈಲರ್ ಮಾತ್ರ ಚಕಾರ ಎತ್ತಲ್ಲ. ಅದಕ್ಕೇ ಲಾಟ್ ತಿದ್ದುವ ವಾಯ್ಡ್ (ಏನೂ ಹಿಂದಿರುಗಿಸದ) ಮೆಥಡ್‌ಗಳನ್ನೆಲ್ಲ ಬದಲಿಸಿ, ತಿದ್ದಿದ ಲಾಟನ್ನೇ ರಿಟರ್ನ್ ಮಾಡುವಂತೆ ಬರೆದೆ. ಇಂಟ್, ಡಬಲ್‌ನಂಥ ಬರೀ ಸಂಖ್ಯೆಗಳು ಒಂದೇ ಮಷೀನ್‌ನಲ್ಲೂ ಆರ್‌ಎಂಐನಲ್ಲೂ ನಕಲೇ, ತಲೆಬಿಸಿ ಇಲ್ಲ.

ಲಾಟ್ ಒಳಗೆ ತೂಕದ ಯಂತ್ರದ ಪೋರ್ಟ್ ಕೂಡ ಇತ್ತು. ಅದು ಸೀರಿಯಲೈಸ್ ಆಗುವಂಥದ್ದಲ್ಲ, ಹಾಗೇ ಕಳಿಸಿದರೆ ಎಕ್ಸೆಪ್ಶನ್ (ದೋಷ) ಬೀಳುತ್ತದೆ. ಕಳಿಸುವಾಗ ಬಿಟ್ಟುಬಿಡು ಎನ್ನುವ ಟ್ರಾನ್ಸಿಯೆಂಟ್ ಗುರುತು ಹಾಕಿದೆ. ಆಚೆ ಅದು ನಲ್ (ಖಾಲಿ) ಆಗಿ ಬರುತ್ತದೆ. ಗಲ್ಲಾ ಹತ್ತಿರ ತೂಕದ ಯಂತ್ರ ಯಾಕೆ ಬೇಕು!

ದರ ಬದಲಾದಾಗ ತೂಕದ ಕಡೆಯ ಪರದೆಗೆ ತಿಳಿಯಬೇಕಿತ್ತು. ಇಲ್ಲಿ ನಕಲು ಕೆಲಸಕ್ಕೆ ಬಾರದು. ಪರದೆಯ ಆಬ್ಜೆಕ್ಟ್‌ಗೆ ರಿಮೋಟ್ ಇಂಟರ್ಫೇಸ್ ಕೊಟ್ಟು ಎಕ್ಸ್‌ಪೋರ್ಟ್ ಮಾಡಿದೆ, ಅಂದರೆ ಹೊರಗಿನ ಕರೆಗೆ ತೆರೆದಿಟ್ಟೆ. ಅಂಥ ಆಬ್ಜೆಕ್ಟನ್ನು ಪ್ಯಾರಾಮೀಟರ್ ಆಗಿ ಕೊಟ್ಟರೆ ಹೋಗುವುದು ಸ್ಟಬ್, ಅಂದರೆ ಕರೆಯನ್ನು ಅಸಲಿ ಆಬ್ಜೆಕ್ಟ್‌ಗೆ ದಾಟಿಸುವ ಪ್ರತಿನಿಧಿ. ಗಲ್ಲಾ ಕಡೆಯ ಸರ್ವರ್ ಅದನ್ನು ಕರೆದರೆ ಓಡುವುದು ತೂಕದ ಕಡೆಯ ಅಸಲಿ ಆಬ್ಜೆಕ್ಟೇ. ಆದರೆ ಗಲ್ಲಾ ಕಡೆಯಿಂದ ತೂಕದ ಕಡೆಗೆ ಬರುವ ಕರೆಯನ್ನೂ ಫೈರ್‌ವಾಲ್ ಬಿಡಬೇಕು. ಹಾಗಂತ ಲಾಟನ್ನೂ ರಿಮೋಟ್ ಮಾಡಲು ನಾನು ಒಪ್ಪಲಿಲ್ಲ. ಚೀಲ ಎಷ್ಟು, ತೇವ ಎಷ್ಟು ಅಂತ ಕೇಳಿದಾಗಲೆಲ್ಲ ನೆಟ್‌ವರ್ಕ್ ಸುತ್ತಿ ಬರುವುದು ಸುಮ್ನೆ ದಂಡ.

ಇನ್ನೊಂದು ಸೂಕ್ಷ್ಮ ಇದೆ. ಒಂದೇ ಕರೆಯಲ್ಲಿ ಒಂದು ಲಾಟ್ ಆಬ್ಜೆಕ್ಟ್ ಎರಡು ಸಲ ಹೋದರೆ ಆಚೆಯೂ ಅದು ಒಂದೇ ಆಗಿರುತ್ತದೆ. ಎರಡು ಕರೆಗಳಲ್ಲಿ ಹೋದರೆ ಎರಡು ಬೇರೆ ನಕಲು. ಆದ್ದರಿಂದ ಅದೇ ಆಬ್ಜೆಕ್ಟೋ ಎಂದಷ್ಟೇ ನೋಡುವ ಎರಡು ಸಮ ಚಿಹ್ನೆ (==) ಹಾಕಿ ಹೋಲಿಸುವುದನ್ನು ಬಿಟ್ಟು, ಲಾಟ್ ನಂಬರ್ ನೋಡುವ ಈಕ್ವಲ್ಸ್ ಮೆಥಡ್ ಬರೆದೆ. ಟೆಸ್ಟ್‌ಗಳನ್ನೂ ಸ್ಟಬ್ ಮೂಲಕವೇ ಓಡಿಸುತ್ತೇನೆ. ನೇರ ಆಬ್ಜೆಕ್ಟ್ ಮೇಲೆ ಓಡಿಸಿದರೆ ಈ ವ್ಯತ್ಯಾಸ ಯಾವುದೂ ಕಾಣುವುದಿಲ್ಲ.