ವಿಕಲಚೇತನರನ್ನ ಕೆಲಸಕ್ಕೆ ಜೋಡಿಸೋ ಶೀಟ್ ನೀವೇ ಮಾಡಿ, ಪರ್ಸೆಂಟೇಜ್ ಕಾಲಂ ಇಲ್ಲದೆ

ವಿಕಲಚೇತನರಿಗೆ ಕೆಲಸ ಕೊಡಿಸೋ ಸಂಸ್ಥೆಗಳಲ್ಲಿ, ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಎಕ್ಸೆಲ್ ಶೀಟ್ ಇರತ್ತೆ. ಹೆಸರು, ಯಾವ ಅಂಗವಿಕಲತೆ, ಎಷ್ಟು ಪರ್ಸೆಂಟ್, ಓದು, ಫೋನ್ ನಂಬರ್. ಕಂಪನಿಯೋರು ಫೋನ್ ಮಾಡಿ "ಕಾಲಿನ ತೊಂದ್ರೆ ಇರೋರು ಇದ್ರೆ ಕಳ್ಸಿ, ಪರ್ಸೆಂಟೇಜ್ ಕಮ್ಮಿ ಇರ್ಲಿ" ಅಂತಾರೆ, ಇಲ್ಲಿ ಫಿಲ್ಟರ್ ಹಾಕಿ ಕಳಿಸ್ತಾರೆ. ಆ ಫಿಲ್ಟರ್ ಕೂಡ ಒಂದು ಅಲ್ಗಾರಿದಮ್ಮೇ, ಆದ್ರೆ ಕೇಳ್ತಿರೋ ಪ್ರಶ್ನೆನೇ ತಪ್ಪು. ಸರ್ಕಾರ ವಿಕಲಚೇತನರಿಗೆ ಕೊಡೋ ಗುರುತಿನ ಚೀಟಿ, ಅಂದ್ರೆ ಯುಡಿಐಡಿ ಕಾರ್ಡಲ್ಲಿರೋ ಪರ್ಸೆಂಟೇಜ್ ಡಾಕ್ಟರ್ ಅಳೆದಿದ್ದು, ಸರ್ಕಾರಿ ಕೆಲಸದ 4 ಪರ್ಸೆಂಟ್ ಮೀಸಲಾತಿಗೆ ಕನಿಷ್ಠ 40 ಇರ್ಬೇಕು ಅನ್ನೋ ಥರದ ಲೆಕ್ಕಕ್ಕೆ ಅದು ಬೇಕೇ ಬೇಕು, ಆದ್ರೆ ಇವ್ರು ಈ ಕೆಲಸ ಮಾಡ್ತಾರಾ ಅನ್ನೋದನ್ನ ಅದು ಹೇಳಲ್ಲ. ಕಣ್ಣು ಪೂರ್ತಿ ಕಾಣದೆ ಕಾರ್ಡಲ್ಲಿ 100 ಪರ್ಸೆಂಟ್ ಇರೋರು ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಇಟ್ಕೊಂಡು ಕೋಡಿಂಗ್ ಮಾಡ್ತಾರೆ, 40 ಪರ್ಸೆಂಟ್ ಇರೋರಿಗೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಆಗದೇ ಹೋಗ್ಬೋದು.

ಹಾಗಾಗಿ ಮೊದಲು ಬಿಡಿಸಿ ನೋಡ್ಬೇಕಾಗಿರೋದು ಕೆಲಸವನ್ನ, ಮನುಷ್ಯರನ್ನಲ್ಲ. ಜಾಹೀರಾತು ಒಂದನ್ನೇ ನಂಬಬೇಡಿ, ಸಾಧ್ಯವಾದ್ರೆ ಜಾಗಕ್ಕೆ ಹೋಗಿ ಅರ್ಧ ದಿನ ನಿಂತು ನೋಡಿ. ವೇರ್‌ಹೌಸಲ್ಲಿ ಸ್ಕ್ಯಾನಿಂಗ್ ಕೆಲಸ ಅಂದ್ಕೊಳ್ಳಿ, ಜಾಹೀರಾತಲ್ಲಿ "ಗುಡ್ ಕಮ್ಯುನಿಕೇಶನ್ ಸ್ಕಿಲ್ಸ್ ಕಡ್ಡಾಯ" ಅಂತಿರತ್ತೆ, ಅದನ್ನೇ ಕಂಪ್ಯೂಟರಿಗೆ ಕೊಟ್ರೆ ಕಿವಿ ಕೇಳಿಸದೋರೆಲ್ಲ ಮೊದಲನೇ ಸುತ್ತಲ್ಲೇ ಔಟ್. ನಿಂತು ನೋಡಿದ್ರೆ ಕೆಲಸ ಇಷ್ಟೇ: ಬಾಕ್ಸ್ ಎತ್ತೋದು, ಬಾರ್‌ಕೋಡ್ ಸ್ಕ್ಯಾನ್ ಮಾಡೋದು, ಸ್ಕ್ರೀನ್ ತೋರಿಸಿದ ರ್‍ಯಾಕಲ್ಲಿ ಇಡೋದು. ಸೂಪರ್‌ವೈಸರ್ ಹತ್ರ ಆಡೋ ಮಾತು ವಾಟ್ಸಾಪಲ್ಲೂ ಆಗತ್ತೆ. ಹಿಂದಿಂದ ಬರೋ ಫೋರ್ಕ್‌ಲಿಫ್ಟ್ ಹಾರ್ನ್ ಕೇಳಿಸ್ಬೇಕಲ್ವಾ ಅನ್ನೋದು ಮಾತ್ರ ನಿಜವಾದ ಪ್ರಶ್ನೆ, ಅದಕ್ಕೆ ಗಾಡಿಗೆ ಮಿನುಗೋ ಲೈಟ್, ನಡೆಯೋಕೆ ಬೇರೆ ದಾರಿ ಮಾಡ್ತೀರಾ ಅಂತ ಕಂಪನಿಯೋರನ್ನ ಕೇಳಿ ಉತ್ತರ ಬರ್ಕೊಳ್ಳಿ.

ಬಿಡಿಸೋಕೆ ಪದಗಳು ಆಗ್ಲೇ ರೆಡಿ ಇವೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಿಕಲಚೇತನರಿಗೆ ಸೂಕ್ತ ಅಂತ 3,566 ಹುದ್ದೆಗಳ ಪಟ್ಟಿ ಹೊರಡಿಸ್ತು, ಅದರಲ್ಲಿ ಹುದ್ದೆ ಹುದ್ದೆಗೂ ಕೂರೋದು, ನಿಲ್ಲೋದು, ನಡೆಯೋದು, ಬಗ್ಗೋದು, ಎತ್ತೋದು, ನೋಡೋದು, ಕೇಳೋದು, ಬೆರಳಲ್ಲಿ ಮಾಡೋ ಕೆಲಸ ಅಂತ ಯಾವ್ಯಾವ್ದು ಬೇಕು ಅನ್ನೋದನ್ನ ಕೋಡ್ ಹಾಕಿ ಕೊಟ್ಟಿದಾರೆ. ಅವನ್ನೇ ನಿಮ್ಮ ಶೀಟಿನ ಕಾಲಂ ಮಾಡ್ಕೊಳ್ಳಿ.

ಈಗ ಕೆಲಸ ಹುಡುಕೋರ ಕಡೆ. ಅದೇ ಕಾಲಂಗಳು, ಪ್ರತಿಯೊಂದಕ್ಕೂ ಮೂರು ಉತ್ತರ: ಮಾಡ್ತೀನಿ, ಸಾಧನ ಅಥವಾ ಸಹಾಯ ಇದ್ರೆ ಮಾಡ್ತೀನಿ, ಆಗಲ್ಲ. ಇಡೀ ಶೀಟಿನ ಜೀವ ಇರೋದು ಆ ನಡುವಿನ ಉತ್ತರದಲ್ಲಿ. ಉತ್ತರ ಅವ್ರ ಬಾಯಿಂದಾನೇ ಬರ್ಬೇಕು, ಅಪ್ಪ ಅಮ್ಮ ಪಕ್ಕದಲ್ಲಿ ಕೂತು "ಅಯ್ಯೋ ಅವಳಿಗೆ ಆಗಲ್ಲ ಸಾರ್" ಅಂದ್ರೆ ಅದನ್ನ ತುಂಬಬೇಡಿ. ಹಳ್ಳಿ ಕಡೆಯೋರಿಗೆ ಪಂಚಾಯ್ತಿಯಲ್ಲಿ ವಿಕಲಚೇತನರಿಗೆ ಅಂತಾನೇ ಇರೋ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಸಹಾಯ ಕೇಳಿ, ಯಾರ ಮನೆಯಲ್ಲಿ ಯಾರಿದಾರೆ ಅಂತ ಅವ್ರಿಗೆ ಗೊತ್ತಿರತ್ತೆ. ಆನ್‌ಲೈನ್ ಫಾರ್ಮ್ ಆದ್ರೆ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ಒಂದ್ಸಲ ನೀವೇ ತುಂಬಿ ನೋಡಿ. ಓಡಾಟ, ಶಿಫ್ಟ್, ಕನಿಷ್ಠ ಸಂಬಳ, ಟಾಯ್ಲೆಟ್ ಇವನ್ನೂ ಕೇಳಿ.

ಆಮೇಲೆ ರೂಲು. ಆ ಕೆಲಸಕ್ಕೆ ಬೇಕೇ ಬೇಕಾದ ಅಂಶಕ್ಕೆ "ಆಗಲ್ಲ" ಅಂತ ಬಂದ್ರೆ ಮಾತ್ರ ಆ ವ್ಯಕ್ತಿ, ಆ ಕೆಲಸದ ಜೋಡಿ ಕ್ಯಾನ್ಸಲ್. "ಸಾಧನ ಇದ್ರೆ" ಅಂದೋರಿಗೆ ಒಂದು ಪಾಯಿಂಟೂ ಕಳಿಬೇಡಿ, ಆ ಸಾಧನ ಕಂಪನಿ ಕಡೆಯ ಪಟ್ಟಿಗೆ ಹೋಗ್ಬೇಕು, ಯಾಕಂದ್ರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅದರ ನಿಯಮಗಳ ಪ್ರಕಾರ ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸ್ಬೇಕು, 20 ಅಥವಾ ಹೆಚ್ಚು ಜನ ಇರೋ ಕಡೆ ಏನೇನು ಸೌಲಭ್ಯ ಕೊಡ್ತೀವಿ ಅಂತಾನೂ ಅದರಲ್ಲಿ ಬರೀಬೇಕು. ಉಳಿದೋರಿಗೆ 100ಕ್ಕೆ ಅಂಕ: ಕೌಶಲ್ಯಕ್ಕೆ 50, ಓಡಾಟಕ್ಕೆ 25, ಅವ್ರ ಆಸೆಗೆ 25. ಹುಬ್ಬಳ್ಳಿಯ ಬಿಕಾಂ ಹುಡುಗಿ, ದೃಷ್ಟಿ ಮಂದ ಅಂದ್ಕೊಳ್ಳಿ. ಊರಲ್ಲೇ ಇರೋ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ 35, 25, 20 ಸೇರಿ 80. ಬೆಂಗಳೂರಿನ ಅಕೌಂಟ್ಸ್ ಕೆಲಸಕ್ಕೆ 45, 5, 25 ಸೇರಿ 75. ಇಷ್ಟು ಸಣ್ಣ ಅಂತರ ನೋಡಿ ಶೀಟು ತೀರ್ಮಾನ ಮಾಡ್ಬಾರ್ದು, ಎರಡನ್ನೂ ಅವಳ ಮುಂದಿಡಿ, ಬೆಂಗಳೂರಿಗೆ ಹೋಗ್ತೀನಿ ಅಂದ್ರೆ ಹೋಗ್ಲಿ, ಪಿಜಿ ಹುಡುಕೋಕೆ ಸಹಾಯ ಮಾಡಿ.

ಜನ ಜಾಸ್ತಿ, ಕಂಪನಿಗಳೂ ಜಾಸ್ತಿ ಆದಾಗ ಗಣಿತಜ್ಞರಾದ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ 1962ರಲ್ಲಿ ಕೊಟ್ಟ ವಿಧಾನ ಹಿಡೀರಿ. ಸಿಇಟಿ ಆಪ್ಷನ್ ಎಂಟ್ರಿ ಥರ ಎಲ್ರೂ ಇಷ್ಟದ ಕೆಲಸಗಳನ್ನ ಸಾಲಾಗಿ ಬರೀತಾರೆ. ಮೊದಲನೇ ಆಪ್ಷನ್ ಕೇಳ್ತಾರೆ, ಕಂಪನಿ ತನ್ನ ಪಟ್ಟಿಯಲ್ಲಿ ಮೇಲಿರೋರನ್ನ ಸದ್ಯಕ್ಕೆ ಹಿಡ್ಕೊಳತ್ತೆ, ಸಿಗದೋರು ಮುಂದಿನ ಆಪ್ಷನ್ ಕೇಳ್ತಾರೆ, ಅಲ್ಲಿ ಇವ್ರು ಮೇಲಿದ್ರೆ ಹಿಡ್ಕೊಂಡಿದ್ದೋರನ್ನ ಬಿಡ್ಬೇಕು. ಕೇಳೋರು ಯಾರೂ ಉಳಿಯದಾಗ ಫೈನಲ್.

ಹಳೇ ನೇಮಕಾತಿ ಡೇಟಾ ಕೊಟ್ಟು ಎಐಗೆ ಕಲಿಸೋಣ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ತಡೀರಿ. ಅಮೆಜಾನ್ ಹಾಗೆ ಮಾಡಿದ ಟೂಲು ಹೆಂಗಸರ ಅರ್ಜಿಗಳಿಗೆ ಅಂಕ ಕಡಿಮೆ ಕೊಡ್ತಿತ್ತು, ಅದನ್ನ ಕೈಬಿಟ್ಟಿದ್ದು 2018ರಲ್ಲಿ ಸುದ್ದಿ ಆಯ್ತು. ನಮ್ಮಲ್ಲಿ ವಿಕಲಚೇತನರನ್ನ ತಗೊಂಡಿದ್ದೇ ಕಮ್ಮಿ, ಆ ಡೇಟಾ ನೋಡಿದ ಮಷಿನ್ ಇವ್ರು ಬೇಡ ಅಂತಾನೇ ಕಲಿಯತ್ತೆ. ಆಪರೇಷನ್ನಿಗೆ ಅಂತ ಓದು ಎರಡು ವರ್ಷ ನಿಂತಿದ್ರೆ ಅದನ್ನೂ ತಪ್ಪು ಅಂತ ಓದ್ಕೊಳತ್ತೆ. ಎಐ ಬೇಕೇ ಬೇಕು ಅಂದ್ರೆ ಬೇರೆ ಕೆಲಸಕ್ಕೆ ಬಳಸಿ. ಐಐಟಿ ಹೈದರಾಬಾದ್ ಜೊತೆಗೂಡಿ 2021ರಲ್ಲಿ ಶುರುವಾದ, ವಿಕಲಚೇತನರಿಗೆ ಕೆಲಸ ಹುಡುಕೋ ಸ್ವರಾಜೆಬಿಲಿಟಿ ಪೋರ್ಟಲ್ ಅಭ್ಯರ್ಥಿಗೆ ಇನ್ನೂ ಯಾವ ಕೌಶಲ್ಯ ಬೇಕು ಅಂತ ತೋರಿಸೋ ಉದ್ದೇಶದಿಂದ ಮಾಡಿದ್ದು, ಆ ದಾರಿ ನನಗೆ ಸರಿ ಅನ್ಸತ್ತೆ.

ಮೆಡಿಕಲ್ ಸರ್ಟಿಫಿಕೇಟು, ಪರ್ಸೆಂಟೇಜು ಅವ್ರ ಒಪ್ಪಿಗೆ ಇಲ್ಲದೆ ಕಂಪನಿಗೆ ಹೋಗ್ಬಾರ್ದು, ಬೇಕಾಗೋ ಸಾಧನದ ಪಟ್ಟಿ ಸಾಕು.

ಕೆಲಸಕ್ಕೆ ಸೇರಿದ ಒಂದು ತಿಂಗಳಿಗೆ, ಮೂರು ತಿಂಗಳಿಗೆ ಫೋನ್ ಮಾಡಿ. ಬಿಟ್ಟಿದ್ರೆ ಯಾಕೆ ಅಂತ ಕೇಳಿ ಬರೀರಿ, ಬಸ್ಸಿಂದಾನೇ ಜನ ಬಿಡ್ತಿದ್ರೆ ಓಡಾಟದ 25ನ್ನ ಏರಿಸಿ. ಕ್ಯಾನ್ಸಲ್ ಆದ ಜೋಡಿಗಳ ಸಾಲನ್ನೂ ತಿಂಗಳಿಗೊಮ್ಮೆ ಯಾರಾದ್ರೂ ಕೂತು ಓದ್ಬೇಕು, ಯಾವ ಕಾಲಂ ಅವ್ರನ್ನ ಹೊರಗೆ ಹಾಕ್ತು ನೋಡಿ ಆ ಕಂಪನಿಗೆ ಫೋನ್ ಮಾಡಿ, ಇದು ನಿಜವಾಗ್ಲೂ ಬೇಕೇ ಬೇಕಾ ಅಂತ ಇನ್ನೊಂದ್ಸಲ ಕೇಳಿ.